ಆ ಫೈನಲ್ ಪಂದ್ಯದ ರೆಫರಿ ತೀರ್ಮಾನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

14 ವರ್ಷದೊಳಗಿನವರ ಫುಟ್‌ಬಾಲ್ ಫೈನಲ್ ಮುಗಿದು ಮೂರು ವಾರವಾಯಿತು. ನೀಲಿ ಅಂಗಿಯವರು 2, ಕೆಂಪು ಅಂಗಿಯವರು 1. ರೆಫರಿ ನಾನೇ. ಅವತ್ತು ಸಂಜೆ ಶುರುವಾದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಅಪ್ಪಂದಿರು ಕೇಳುತ್ತಾರೆ, ಅಮ್ಮಂದಿರು ಕೇಳುತ್ತಾರೆ, ಕೋಚ್‌ಗಳು ಕೇಳುತ್ತಾರೆ. ಪಂದ್ಯಕ್ಕೆ ಬಾರದೇ ಇದ್ದವರು ಎಲ್ಲರಿಗಿಂತ ಜೋರಾಗಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಹೇಳಿ ಸಾಕಾಯಿತು, ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮಕ್ಕಳ ಹೆಸರಿಲ್ಲ, ತಂಡಗಳ ಹೆಸರೂ ಇಲ್ಲ. ಅಂಗಿಯ ಬಣ್ಣ ಸಾಕು.

ನಾನು ಪಂದ್ಯ ನೋಡಿಲ್ಲ. ಏನೇನಾಯಿತು, ಚಿಕ್ಕದಾಗಿ ಹೇಳ್ತೀರಾ?

35 ನಿಮಿಷದ ಎರಡು ಅವಧಿ. 12ನೇ ನಿಮಿಷದಲ್ಲಿ ಕೆಂಪು ತಂಡದ ಸ್ಟ್ರೈಕರ್ ಆಫ್‌ಸೈಡ್ ಎಂದು, ಅಂದರೆ ಜೊತೆಗಾರ ಚೆಂಡು ಕೊಡುವಾಗಲೇ ಡಿಫೆಂಡರ್‌ಗಳನ್ನು ದಾಟಿ ಗೋಲ್‌ಗೆ ಹತ್ತಿರ ನಿಂತಿದ್ದ ಎಂದು, ವಿಸಿಲ್ ಹಾಕಿದೆ. 27ನೇ ನಿಮಿಷದಲ್ಲಿ ನೀಲಿ ತಂಡದ ಹೊಡೆತ ಕ್ರಾಸ್‌ಬಾರ್‌ಗೆ ಬಡಿದು ಗೆರೆಯ ಹತ್ತಿರ ಬಿತ್ತು, ಗೋಲ್ ಕೊಡಲಿಲ್ಲ. 41ರಲ್ಲಿ ಕೆಂಪು ಡಿಫೆಂಡರ್ ಕೈಗೆ ಚೆಂಡು ತಾಗಿತು, ಪೆನಾಲ್ಟಿ, 1-0. 50ರಲ್ಲಿ ನೀಲಿ ಡಿಫೆಂಡರ್ ಕೆಂಪು ಸ್ಟ್ರೈಕರ್‌ನನ್ನು ಬೀಳಿಸಿದ, ಹಳದಿ ಕಾರ್ಡ್. ಆ ಫ್ರೀ ಕಿಕ್‌ನಿಂದಲೇ 1-1. 63ರಲ್ಲಿ ನಾನು ಅಡ್ವಾಂಟೇಜ್ ಕೊಟ್ಟೆ, ಅಂದರೆ ಫೌಲ್ ಆದರೂ ಆಟ ನಿಲ್ಲಿಸಲಿಲ್ಲ, ನೀಲಿ ತಂಡ ಗೋಲ್ ಹೊಡೆಯಿತು, 2-1. ಕೊನೆಗೆ ಸೇರಿಸಿದ ಸಮಯದಲ್ಲಿ ಕೆಂಪು ತಂಡಕ್ಕೆ ಪೆನಾಲ್ಟಿ. ಕೀಪರ್ ತಡೆದ, ವಾಪಸ್ ಬಂದ ಚೆಂಡನ್ನು ಕೆಂಪು 7ನೇ ನಂಬರ್ ಒಳಗೆ ಹೊಡೆದ, ನಾನು ಗೋಲ್ ಕೊಡಲಿಲ್ಲ. ಪಂದ್ಯ ಮುಗಿಯಿತು. ಗಲಾಟೆ ಶುರುವಾಯಿತು.

ಈ ಆರರಲ್ಲಿ ಒಂದು ತೀರ್ಮಾನ ಪಕ್ಕಾ ತಪ್ಪು. ಯಾವುದು ಅನ್ನೋದು ಮುಂದೆ ಬರುತ್ತದೆ.

ಫೈನಲ್‌ಗೂ ಒಬ್ಬರೇ ರೆಫರಿನಾ? ಲೈನ್‌ನಲ್ಲಿ ಬಾವುಟ ಹಿಡಿದವರು ಇದ್ದರಲ್ಲ?

ಇದ್ದರು. ಎರಡೂ ತಂಡಗಳಿಂದ ಒಬ್ಬೊಬ್ಬ ಪೋಷಕರು. ಮಕ್ಕಳ ಪಂದ್ಯಗಳಲ್ಲಿ ತರಬೇತಿ ಪಡೆದ ಲೈನ್ಸ್‌ಮನ್‌ಗಳು ಸಿಗುವುದೇ ಕಷ್ಟ. ಹಾಗೆ ಪೋಷಕರು ನಿಂತಾಗ ನಾನು ಅವರಿಗೆ ಒಂದೇ ಕೆಲಸ ಕೊಡುತ್ತೇನೆ: ಚೆಂಡು ಹೊರಗೆ ಹೋದರೆ ಬಾವುಟ ಎತ್ತಿ. ಆಫ್‌ಸೈಡ್, ಫೌಲ್, ಗೋಲ್ ಎಲ್ಲ ನನ್ನ ತಲೆಗೆ. ಸ್ವಂತ ಮಗ ಆಡುತ್ತಿರುವಾಗ ಅವನು ಆಫ್‌ಸೈಡ್ ಅಂತ ಬಾವುಟ ಎತ್ತುವ ಧರ್ಮಸಂಕಟ ಯಾವ ಅಪ್ಪನಿಗೂ ಬೇಡ.

ಇದರ ಬೆಲೆಯೂ ಇದೆ. ಆಫ್‌ಸೈಡ್ ನೋಡಬೇಕಾದವರು ಕೊನೆಯಿಂದ ಎರಡನೇ ಡಿಫೆಂಡರ್‌ಗೆ ಸರಿಯಾಗಿ ಅಡ್ಡಕ್ಕೆ ನಿಂತಿರಬೇಕು. ನಾನು ಆಟದ ಹಿಂದೆ ಓಡುತ್ತಿರುತ್ತೇನೆ. ಕೆಲವೊಮ್ಮೆ 30 ಮೀಟರ್ ಹಿಂದೆ. ಅಲ್ಲಿಂದ ಅರ್ಧ ಹೆಜ್ಜೆಯ ವ್ಯತ್ಯಾಸ ಕಾಣುತ್ತದೆ ಎಂದು ಯಾವ ರೆಫರಿಯಾದರೂ ಹೇಳಿದರೆ ನಂಬಬೇಡಿ.

ಕ್ರಾಸ್‌ಬಾರ್‌ಗೆ ಬಡಿದು ಬಿದ್ದ ಚೆಂಡು ಗೆರೆ ದಾಟಿತ್ತು. ನಾವೆಲ್ಲ ನೋಡಿದ್ವಿ. ಗೋಲ್ ಯಾಕಿಲ್ಲ?

ಚೆಂಡು ಗೆರೆ ದಾಟಿದರೆ ಸಾಲದು, ಇಡೀ ಚೆಂಡು ಇಡೀ ಗೆರೆಯನ್ನು ದಾಟಬೇಕು. ಒಂದು ಕೂದಲೆಳೆಯಷ್ಟು ಭಾಗ ಗೆರೆಯ ಮೇಲಿದ್ದರೂ ಗೋಲ್ ಅಲ್ಲ. ಮೇಲಿದ್ದರೂ ಅಂದರೆ ತಾಗಿಕೊಂಡಿರಬೇಕು ಅಂತಲ್ಲ, ನೇರ ಮೇಲೆ ಗಾಳಿಯಲ್ಲಿದ್ದರೂ ಸಾಕು.

ಇಲ್ಲಿ ಕಣ್ಣಿಗೆ ಮೋಸವಾಗುವ ಒಂದು ಸಂಗತಿ ಇದೆ. ಸೈಜ್ 5 ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ. ಅಂದರೆ ಅಡ್ಡಳತೆ ಸುಮಾರು 22 ಸೆಂ.ಮೀ. ಚೆಂಡು ನೆಲ ಮುಟ್ಟುವುದು ಅದರ ನಡುವಿನ ಒಂದು ಚಿಕ್ಕ ಚುಕ್ಕೆಯಲ್ಲಿ. ಆ ಚುಕ್ಕೆ ಗೆರೆಯಿಂದ 10 ಸೆಂ.ಮೀ. ಆಚೆ ಇದ್ದರೂ ಚೆಂಡಿನ ಹೊಟ್ಟೆ ಇನ್ನೂ ಗೆರೆಯ ಮೇಲೇ ಇರುತ್ತದೆ. ನೋಡುವವರಿಗೆ ಚೆಂಡು ಗೆರೆಯಾಚೆ ಬಿದ್ದಂತೆ ಕಾಣುತ್ತದೆ. ಹೌದು, ಬಿದ್ದದ್ದು ಆಚೆಯೇ. ಆದರೂ ಗೋಲ್ ಅಲ್ಲ.

ಅವತ್ತು ಆದದ್ದು ಅದೇನಾ? ಪ್ರಮಾಣ ಮಾಡಿ ಹೇಳಲಾರೆ. ನಾನಿದ್ದದ್ದು ಪೆನಾಲ್ಟಿ ಏರಿಯಾದ ಅಂಚಿನಲ್ಲಿ, ಮುಂದೆ ನಾಲ್ಕು ಹುಡುಗರು. ಪೂರ್ತಿ ದಾಟಿದ್ದು ನನಗೆ ಕಾಣಲಿಲ್ಲ. ಕಾಣದ ಗೋಲ್ ಕೊಡಲು ಬರುವುದಿಲ್ಲ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಹೀಗೇ ಬಾರ್‌ಗೆ ಬಡಿದು ಗೆರೆಯ ಸಾಕಷ್ಟು ಒಳಗೆ ಬಿದ್ದಿತ್ತು. ಟಿವಿಯಲ್ಲಿ ಜಗತ್ತೆಲ್ಲ ನೋಡಿತು. ರೆಫರಿಗೂ ಲೈನ್ಸ್‌ಮನ್‌ಗೂ ಕಾಣಲಿಲ್ಲ. ಗೋಲ್‌ಲೈನ್ ತಂತ್ರಜ್ಞಾನಕ್ಕೆ 2012ರಲ್ಲಿ ಒಪ್ಪಿಗೆ ಸಿಕ್ಕಿ, 2014ರ ವಿಶ್ವಕಪ್‌ಗೆ ಬಂತು. ಮಕ್ಕಳ ಮೈದಾನಕ್ಕೆ ಅದು ಬರುವ ಸೂಚನೆ ನನಗಂತೂ ಕಾಣುತ್ತಿಲ್ಲ.

ನನ್ನ ಫೋನ್‌ನಲ್ಲಿ ವಿಡಿಯೊ ಇದೆ. ನೋಡ್ತೀರಾ?

ನೋಡುತ್ತೇನೆ, ಕಲಿಯುವುದಕ್ಕೆ. ತೀರ್ಮಾನ ಬದಲಿಸಲು ಅಲ್ಲ. ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ, 2018ರಲ್ಲಿ ನಿಯಮ ಪುಸ್ತಕಕ್ಕೆ ಸೇರಿದ್ದು ನಿಜ, ಆದರೆ ಆ ಟೂರ್ನಿಯವರು ಅನುಮತಿ ಪಡೆದು, ಸಲಕರಣೆ ಹಾಕಿ, ಅದಕ್ಕೆಂದೇ ತರಬೇತಾದ ರೆಫರಿಗಳನ್ನು ಕೂರಿಸಿದ್ದರೆ ಮಾತ್ರ ಅದು ಉಂಟು. ಚಿಕ್ಕಪ್ಪನ ಫೋನ್ ವಿಎಆರ್ ಅಲ್ಲ.

ಅದೂ ಅಲ್ಲದೆ ಫೋನ್ ಹೇಳಿದ್ದೆಲ್ಲ ಸತ್ಯ ಅಂದುಕೊಳ್ಳಬೇಡಿ. ಗೆರೆಗೆ ನೇರವಾಗಿ ನಿಲ್ಲದೆ ಓರೆಯಿಂದ ಹಿಡಿದ ವಿಡಿಯೊದಲ್ಲಿ ಆಫ್‌ಸೈಡ್ ಇಲ್ಲದ್ದೂ ಆಫ್‌ಸೈಡ್ ಆಗಿ ಕಾಣುತ್ತದೆ. ಇನ್ನೊಂದು ಲೆಕ್ಕ ನೋಡಿ. ಹೆಚ್ಚಿನ ಫೋನ್‌ಗಳು ಸೆಕೆಂಡಿಗೆ 30 ಚಿತ್ರ ತೆಗೆಯುತ್ತವೆ. ಚೆಂಡು ಸೆಕೆಂಡಿಗೆ 15 ಮೀಟರ್ ವೇಗದಲ್ಲಿದ್ದರೆ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅದು ಅರ್ಧ ಮೀಟರ್ ಹೋಗಿರುತ್ತದೆ. ನೀವು ನಿಲ್ಲಿಸಿ, ದೊಡ್ಡದು ಮಾಡಿ, ಬೆರಳಿಟ್ಟು ತೋರಿಸುತ್ತಿರುವ ಆ ಕ್ಷಣ ನಿಮ್ಮ ವಿಡಿಯೊದಲ್ಲಿ ಇಲ್ಲವೇ ಇಲ್ಲದಿರಬಹುದು.

ಹ್ಯಾಂಡ್‌ಬಾಲ್ ಬೇಕಂತ ಮಾಡಿದ್ದಲ್ಲ. ಎರಡು ಅಡಿ ದೂರದಿಂದ ಬಂದು ಬಡಿಯಿತು. ಪೆನಾಲ್ಟಿ ಹೇಗೆ ಕೊಟ್ಟಿರಿ?

ಬೇಕಂತ ಮಾಡಿದ್ದಲ್ಲ, ಒಪ್ಪುತ್ತೇನೆ. ಆ ಹುಡುಗ ಚೆಂಡನ್ನು ನೋಡಿಯೂ ಇರಲಿಲ್ಲ. ಆದರೆ ನಿಯಮ ಕೇಳುವುದು ಅದೊಂದನ್ನೇ ಅಲ್ಲ. ಕೈಯನ್ನು ಅಸಹಜವಾಗಿ ಚಾಚಿ ದೇಹವನ್ನು ದೊಡ್ಡದು ಮಾಡಿಕೊಂಡಿದ್ದಾಗ ಚೆಂಡು ತಾಗಿದರೂ ಅದು ತಪ್ಪೇ. ಆಟಗಾರ ಆಗ ಮಾಡುತ್ತಿದ್ದ ಚಲನೆಗೆ ಕೈ ಅಲ್ಲಿರುವುದು ಸಹಜವಾ ಎಂದು ರೆಫರಿ ನೋಡಬೇಕು. ಓಡುವವನ ಕೈ ಬೀಸುತ್ತಿರುತ್ತದೆ, ಅದು ಸಹಜ. ಆ ಹುಡುಗ ಹಾರಿರಲಿಲ್ಲ, ಓಡುತ್ತಿರಲಿಲ್ಲ, ಸುಮ್ನೆ ನಿಂತು ಕೈಯನ್ನು ತಲೆಗಿಂತ ಮೇಲೆ ಎತ್ತಿದ್ದ. ಆಫ್‌ಸೈಡ್ ಕೊಡಿ ಅಂತ ನನ್ನನ್ನೇ ಕೇಳುತ್ತಿದ್ದ ಅನಿಸುತ್ತದೆ, ಪಾಪ.

ಎಷ್ಟು ದೂರದಿಂದ ಬಂತು ಅನ್ನೋದು ಹಿಂದಿನ ನಿಯಮದಲ್ಲಿ ಒಂದು ಅಳತೆಯಾಗಿತ್ತು. ಈಗಿನ ಬರಹದಲ್ಲಿ ಇಲ್ಲ. ಫುಟ್‌ಬಾಲ್ ನಿಯಮ ಬರೆಯುವ ಐಎಫ್‌ಎಬಿ 1886ರಿಂದ ಇದೆ. ಒಟ್ಟು 17 ನಿಯಮ. ಪ್ರತಿ ವರ್ಷದ ತಿದ್ದುಪಡಿ ಜುಲೈ 1ಕ್ಕೆ ಜಾರಿಗೆ ಬರುತ್ತದೆ. ಅದರಲ್ಲಿ ಹ್ಯಾಂಡ್‌ಬಾಲ್‌ನಷ್ಟು ತಿದ್ದಿಸಿಕೊಂಡ ಭಾಗ ಇನ್ನೊಂದಿಲ್ಲ ಅನ್ನಬಹುದು. ನೀವು ಕಾಲೇಜಿನಲ್ಲಿ ಆಡುವಾಗ ಕಲಿತ ನಿಯಮ ಸುಳ್ಳಲ್ಲ, ಹಳೆಯದು ಅಷ್ಟೇ.

ಇದೇ ಪ್ರಶ್ನೆಯ ತಮ್ಮ: ಪೆನಾಲ್ಟಿ ಕೊಟ್ಟಮೇಲೆ ಕಾರ್ಡ್ ಯಾಕಿಲ್ಲ? ಬೇಕಂತ ಮಾಡದ ಹ್ಯಾಂಡ್‌ಬಾಲ್‌ಗೆ ಪೆನಾಲ್ಟಿ ಕೊಟ್ಟಾಗ ಶಿಕ್ಷೆ ಕಡಿಮೆ ಇರಲಿ ಎಂದು 2024ರಲ್ಲಿ ತಿದ್ದಿದ್ದಾರೆ. ಅಲ್ಲಿ ಖಚಿತ ಗೋಲ್ ಅವಕಾಶವೂ ಇರಲಿಲ್ಲ. ಒಂದು ಕ್ರಾಸ್ ಬರುತ್ತಿತ್ತು, ಅಷ್ಟೇ.

ಕೊನೆಯ ಡಿಫೆಂಡರ್ ಬೀಳಿಸಿದರೆ ರೆಡ್ ಕಾರ್ಡ್ ಅಲ್ವಾ?

"ಕೊನೆಯ ಡಿಫೆಂಡರ್" ಎಂಬ ಮಾತು ನಿಯಮ ಪುಸ್ತಕದಲ್ಲಿ ಎಲ್ಲೂ ಇಲ್ಲ. ಹುಡುಕಿ ನೋಡಿ. ಇರುವುದು ಖಚಿತ ಗೋಲ್ ಅವಕಾಶ ತಪ್ಪಿಸಿದ್ದು ಎಂಬ ಮಾತು. ಅದಕ್ಕೆ ನಾಲ್ಕು ವಿಷಯ ತೂಗಬೇಕು. ಗೋಲ್‌ಗೆ ಎಷ್ಟು ದೂರ, ಆಟ ಯಾವ ದಿಕ್ಕಿಗೆ ಹೋಗುತ್ತಿತ್ತು, ಚೆಂಡು ಅವನ ಹಿಡಿತದಲ್ಲಿ ಉಳಿಯುತ್ತಿತ್ತಾ, ಉಳಿದ ಡಿಫೆಂಡರ್‌ಗಳು ಎಲ್ಲಿದ್ದರು, ಎಷ್ಟು ಜನ.

50ನೇ ನಿಮಿಷದಲ್ಲಿ ಕೆಂಪು ಸ್ಟ್ರೈಕರ್ ಬಿದ್ದ ಜಾಗದಿಂದ ಗೋಲ್‌ಗೆ 30 ಮೀಟರ್. ಓಡುತ್ತಿದ್ದದ್ದು ಕಾರ್ನರ್ ಬಾವುಟದ ಕಡೆಗೆ. ಒಳಗಡೆಯಿಂದ ಇನ್ನೊಬ್ಬ ನೀಲಿ ಹುಡುಗ ಸಮಕ್ಕೆ ಓಡುತ್ತಿದ್ದ. ಒಳ್ಳೆಯ ದಾಳಿ ತಪ್ಪಿಸಿದ್ದಕ್ಕೆ ಹಳದಿ. ಅದಕ್ಕಿಂತ ಜಾಸ್ತಿ ಇಲ್ಲ. ಆ ಫ್ರೀ ಕಿಕ್‌ನಿಂದಲೇ ಕೆಂಪು ತಂಡ ಸಮ ಮಾಡಿತು ಅನ್ನೋದನ್ನು ಈ ಪ್ರಶ್ನೆ ಕೇಳಿದವರು ಯಾರೂ ನೆನಪಿಸಲಿಲ್ಲ.

ಎರಡನೇ ಗೋಲ್‌ಗೆ ಮುಂಚೆ ಫೌಲ್ ಆಗಿತ್ತು. ನಮ್ಮ ಹುಡುಗರು ನಿಂತುಬಿಟ್ಟರು. ವಿಸಿಲ್ ಹಾಕಬೇಕಿತ್ತಲ್ಲ?

ಫೌಲ್ ಮಾಡಿದ್ದು ನಿಮ್ಮ ಹುಡುಗನೇ. ಅಂಗಿ ಹಿಡಿದು ಎಳೆದ, ಆದರೂ ಚೆಂಡು ಇನ್ನೊಬ್ಬ ನೀಲಿ ಆಟಗಾರನಿಗೆ ಸಿಕ್ಕಿತು. ಎರಡೂ ಕೈ ಮುಂದೆ ಚಾಚಿ "ಅಡ್ವಾಂಟೇಜ್" ಎಂದು ಕೂಗಿದೆ. ಆ ನಂತರ ಕೆಲವು ಸೆಕೆಂಡುಗಳಲ್ಲಿ ಲಾಭ ಸಿಗದಿದ್ದರೆ ಮಾತ್ರ ಹಿಂದಿನ ಫೌಲ್‌ಗೆ ಹೋಗಬಹುದು. ಅವರಿಗೆ ಗೋಲ್ ಸಿಕ್ಕಿತು. ತಪ್ಪು ಮಾಡಿದವರ ಅನುಕೂಲಕ್ಕೆ ವಿಸಿಲ್ ಹಾಕಲು ಬರುವುದಿಲ್ಲ.

ಮಕ್ಕಳು ನಿಂತದ್ದು ಬೇಜಾರಿನ ಸಂಗತಿ, ನಿಜ. ವಿಸಿಲ್ ಕೇಳುವ ತನಕ ಆಡಬೇಕು ಅನ್ನೋದನ್ನು ಕೋಚ್‌ಗಳು ಅಭ್ಯಾಸದಲ್ಲೇ ರೂಢಿ ಮಾಡಿಸಬೇಕು.

ಮೂರೇ ನಿಮಿಷ ಯಾಕೆ ಸೇರಿಸಿದಿರಿ? ಮೊದಲ ಅವಧಿ ಬೇಗ ಮುಗಿಸಿದಿರಿ ಅಂತಾರಲ್ಲ?

ಸಮಯ ನೋಡಿಕೊಳ್ಳುವುದು ರೆಫರಿ ಒಬ್ಬನೇ. ಗಾಯ, ಬದಲಿ ಆಟಗಾರರು, ಕಾರ್ಡ್, ಬೇಕಂತ ಮಾಡಿದ ತಡ, ಇವುಗಳಿಗೆ ಹೋದ ಸಮಯ ಸೇರಿಸುತ್ತೇವೆ. ಮೊದಲ ಅವಧಿಯಲ್ಲಿ ಗಡಿಯಾರ ತಪ್ಪಿದ್ದರೂ ಎರಡನೆಯದರಲ್ಲಿ ಅದನ್ನು ಸರಿದೂಗಿಸುವಂತಿಲ್ಲ, ನಿಯಮವೇ ಬೇಡ ಅನ್ನುತ್ತದೆ. ಅವತ್ತು ತಪ್ಪಿರಲಿಲ್ಲ. ನನ್ನ ಕೈಯಲ್ಲಿ ಎರಡು ವಾಚ್ ಇರುತ್ತವೆ.

ಸರಿ, ಆ ಕೊನೆಯ ಪೆನಾಲ್ಟಿ. ಗೋಲ್ ಯಾಕೆ ಕೊಡಲಿಲ್ಲ?

ಬಂದ ಪ್ರಶ್ನೆಗಳಲ್ಲಿ ಅರ್ಧ ಇದೊಂದೇ. ನಿಧಾನವಾಗಿ ಹೇಳುತ್ತೇನೆ.

ಪೆನಾಲ್ಟಿ ಹೊಡೆಯುವಾಗ, ಹೊಡೆಯುವವನು ಮತ್ತು ಕೀಪರ್ ಬಿಟ್ಟು ಉಳಿದವರೆಲ್ಲ ಏರಿಯಾದ ಹೊರಗೆ ಇರಬೇಕು, ಚೆಂಡಿನ ಹಿಂದೆ ಇರಬೇಕು, ಪೆನಾಲ್ಟಿ ಚುಕ್ಕೆಯಿಂದ 9.15 ಮೀಟರ್ ದೂರ ಇರಬೇಕು. ಚೆಂಡಿಗೆ ಕಾಲು ತಾಗಿ ಅದು ಕದಲುವ ತನಕ. ಕೆಂಪು 7ನೇ ನಂಬರ್ ಅದಕ್ಕೆ ಮೊದಲೇ ಎರಡು ಮೀಟರ್ ಒಳಗಿದ್ದ. ಕೀಪರ್ ತಡೆದ ಚೆಂಡು ನೇರ ಅವನ ಕಾಲಿಗೇ ಬಂತು. ಹೊರಗೆ ನಿಂತಿದ್ದರೆ ಅವನಿಗೆ ಅದು ಎಟುಕುತ್ತಿರಲಿಲ್ಲ. ಹೊಡೆತ ಗೋಲ್ ಆಗಲಿಲ್ಲ, ಮೊದಲೇ ನುಗ್ಗಿದವನು ವಾಪಸ್ ಬಂದ ಚೆಂಡನ್ನು ಹೊಡೆದ. ಇದಕ್ಕೆ ಎದುರಾಳಿ ತಂಡಕ್ಕೆ ಇನ್‌ಡೈರೆಕ್ಟ್ ಫ್ರೀ ಕಿಕ್, ಅಂದರೆ ನೇರ ಗೋಲ್ ಹೊಡೆಯಲಾಗದ ಫ್ರೀ ಕಿಕ್. ಅದನ್ನೇ ಕೊಟ್ಟೆ.

ನೀಲಿ ಹುಡುಗ ಒಬ್ಬನೂ ಒಂದು ಹೆಜ್ಜೆ ಒಳಗೆ ಬಂದಿದ್ದ ಎಂದು ವಿಡಿಯೊ ತೋರಿಸುತ್ತಾರೆ. ಹೌದು, ಬಂದಿದ್ದ. ಹಿಂದೆ ಆಗಿದ್ದರೆ ಎರಡೂ ಕಡೆಯವರು ನುಗ್ಗಿದ್ದಾರೆ ಎಂದು ಮತ್ತೆ ಹೊಡೆಸಬೇಕಿತ್ತು. 2024ರ ತಿದ್ದುಪಡಿ ಆದಮೇಲೆ, ನುಗ್ಗಿದ್ದರಿಂದ ಆಟಕ್ಕೆ ಏನಾದರೂ ಪರಿಣಾಮ ಆಗಿದ್ದರೆ ಮಾತ್ರ ಲೆಕ್ಕ. ಆ ನೀಲಿ ಹುಡುಗ ಚೆಂಡಿನ ಹತ್ತಿರವೂ ಹೋಗಲಿಲ್ಲ, ಹೊಡೆಯುವವನಿಗೆ ಅಡ್ಡವೂ ಬರಲಿಲ್ಲ.

ಕೀಪರ್ ಮುಂದೆ ಬಂದಿದ್ದ ಅನ್ನುವವರಿಗೆ: ಹೊಡೆಯುವ ಕ್ಷಣದಲ್ಲಿ ಒಂದು ಕಾಲಿನ ಸ್ವಲ್ಪ ಭಾಗ ಗೆರೆಯ ಮೇಲೋ, ಗೆರೆಯ ನೇರಕ್ಕೋ, ಹಿಂದೋ ಇದ್ದರೆ ಸಾಕು. ಇತ್ತು.

ಇಂಗ್ಲೆಂಡ್ ಹುಡುಗಿಯರ ಪಂದ್ಯದಲ್ಲಿ ಇದೇ ರೀತಿ ಆದಾಗ ಮತ್ತೆ ಪೆನಾಲ್ಟಿ ಹೊಡೆಸಿದರಂತೆ. ನಮಗೆ ಯಾಕಿಲ್ಲ?

ಕೆಂಪು ತಂಡದವರು ಟೂರ್ನಿಯ ಸಮಿತಿಗೆ ಹಾಕಿದ ಅರ್ಜಿಯೇ ಇದು. ಆ ಕಥೆ ಗೊತ್ತಿರಬೇಕಾದದ್ದೇ.

2015ರ ಏಪ್ರಿಲ್. 19 ವರ್ಷದೊಳಗಿನ ಹುಡುಗಿಯರ ಯುರೋಪಿಯನ್ ಅರ್ಹತಾ ಪಂದ್ಯ, ಇಂಗ್ಲೆಂಡ್ ಮತ್ತು ನಾರ್ವೆ. ನಾರ್ವೆ 2-1 ಮುಂದಿತ್ತು. 96ನೇ ನಿಮಿಷದಲ್ಲಿ ಇಂಗ್ಲೆಂಡಿಗೆ ಪೆನಾಲ್ಟಿ. ಲಿಯಾ ವಿಲಿಯಮ್ಸನ್ ಹೊಡೆದಳು, ಚೆಂಡು ಒಳಗೆ ಹೋಯಿತು. ಆದರೆ ಇಂಗ್ಲೆಂಡಿನ ಇನ್ನೊಬ್ಬ ಆಟಗಾರ್ತಿ ಮೊದಲೇ ಏರಿಯಾ ಒಳಗೆ ನುಗ್ಗಿದ್ದಳು. ಆಗಿನ ನಿಯಮದ ಪ್ರಕಾರ ಪೆನಾಲ್ಟಿಯನ್ನು ಮತ್ತೆ ಹೊಡೆಸಬೇಕಿತ್ತು. ರೆಫರಿ ಗೋಲ್ ರದ್ದು ಮಾಡಿ ನಾರ್ವೆಗೆ ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಟ್ಟರು.

ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎ ಆದೇಶ ಕೊಟ್ಟಿತು: ಪಂದ್ಯವನ್ನು ಆ ಪೆನಾಲ್ಟಿಯಿಂದಲೇ ಮತ್ತೆ ಆಡಿ. ಐದು ದಿನ ಬಿಟ್ಟು ಎರಡೂ ತಂಡ ಬಂದು ನಿಂತವು, ಉಳಿದ 18 ಸೆಕೆಂಡ್ ಆಡಲು. ಐದು ದಿನ ಆ ಒಂದು ಹೊಡೆತವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡಿದ 18 ವರ್ಷದ ಹುಡುಗಿಯನ್ನು ಒಂದು ಸಲ ನೆನೆಸಿಕೊಳ್ಳಿ. ಹೊಡೆದಳು. ಗೋಲ್. 2-2. ಮುಂದೆ ಅವಳೇ ಇಂಗ್ಲೆಂಡಿನ ನಾಯಕಿಯಾಗಿ 2022ರ ಯುರೋ ಗೆದ್ದಳು.

ಈಗ ವ್ಯತ್ಯಾಸ ನೋಡಿ. ಅಲ್ಲಿ ಚೆಂಡು ನೇರ ಒಳಗೆ ಹೋಗಿತ್ತು. ನಮ್ಮಲ್ಲಿ ಕೀಪರ್ ತಡೆದಿದ್ದ. ಹೊಡೆಯುವ ತಂಡದವರು ನುಗ್ಗಿದ್ದು ಲೆಕ್ಕಕ್ಕೆ ಬಂದಾಗ, ಚೆಂಡು ಗೋಲ್ ಒಳಗೆ ಹೋಗಿದ್ದರೆ ಮತ್ತೆ ಹೊಡೆತ, ಹೋಗದಿದ್ದರೆ ಫ್ರೀ ಕಿಕ್. ಅಲ್ಲಿ ತಪ್ಪಾದ ಅದೇ ಫ್ರೀ ಕಿಕ್ ಇಲ್ಲಿ ಸರಿ.

ಹಾಗಾದರೆ ಯಾವಾಗ ಪಂದ್ಯ ಮತ್ತೆ ಆಡಿಸುತ್ತಾರೆ, ಯಾವಾಗ ಇಲ್ಲ?

ರೆಫರಿ ಏನು ಕಂಡ ಅನ್ನೋದು ಒಂದು. ಕಂಡದ್ದಕ್ಕೆ ಯಾವ ನಿಯಮ ಹಾಕಿದ ಅನ್ನೋದು ಇನ್ನೊಂದು. ಮೊದಲನೆಯದರಲ್ಲಿ ಅವನ ಮಾತೇ ಕೊನೆ. ಚೆಂಡು ದಾಟಿತಾ, ಕೈ ಸಹಜವಾಗಿತ್ತಾ, ತಳ್ಳಿದನಾ, ಇವೆಲ್ಲ ಆಟದ ಸಂಗತಿಗಳು. ಕಣ್ಣು ತಪ್ಪಿದ್ದರೂ ಫಲಿತಾಂಶ ನಿಲ್ಲುತ್ತದೆ. 2009ರಲ್ಲಿ ಥಿಯರಿ ಆನ್ರಿ ಕೈಯಲ್ಲಿ ಚೆಂಡು ತಡೆದು ಕೊಟ್ಟ ಪಾಸ್‌ನಿಂದ ಫ್ರಾನ್ಸ್ ವಿಶ್ವಕಪ್‌ಗೆ ಹೋಯಿತು. ಐರ್ಲೆಂಡ್ ಮತ್ತೆ ಆಡಿಸಿ ಎಂದು ಕೇಳಿತು. ಫಿಫಾ ಒಪ್ಪಲಿಲ್ಲ.

ಎರಡನೆಯದರಲ್ಲಿ, ಅಂದರೆ ಸರಿಯಾಗಿ ನೋಡಿ ತಪ್ಪು ನಿಯಮ ಹಾಕಿದಾಗ, ದೂರಿಗೆ ಜಾಗ ಇರುತ್ತದೆ. ಆ ಟೂರ್ನಿಯ ನಿಯಮ ಏನು ಹೇಳುತ್ತದೆ, ಫಲಿತಾಂಶಕ್ಕೆ ಪೆಟ್ಟು ಬಿತ್ತಾ ಎಂದು ನೋಡುತ್ತಾರೆ.

ಗೆದ್ದ ದೂರು ಯಾವಾಗಲೂ ಸಿಹಿ ಅಂದುಕೊಳ್ಳಬೇಡಿ. 2005ರಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಉಜ್ಬೇಕಿಸ್ತಾನ ಬಹ್ರೇನ್ ವಿರುದ್ಧ 1-0 ಮುಂದಿತ್ತು. ಪೆನಾಲ್ಟಿಯೂ ಒಳಗೆ ಹೋಯಿತು, ಜೊತೆಗಾರ ನುಗ್ಗಿದ್ದ, ರೆಫರಿ ಮತ್ತೆ ಹೊಡೆಸದೆ ಫ್ರೀ ಕಿಕ್ ಕೊಟ್ಟರು. ಅದೇ ತಪ್ಪು, ಹತ್ತು ವರ್ಷ ಮೊದಲು. ಉಜ್ಬೇಕಿಸ್ತಾನ ಆ ಪಂದ್ಯವನ್ನು 1-0ಯಲ್ಲೇ ಗೆದ್ದಿತು. ಆದರೂ ದೂರು ಕೊಟ್ಟಿತು, 3-0 ಕೊಡಿ ಎಂದು. ಫಿಫಾ ಇಡೀ ಪಂದ್ಯವನ್ನೇ ರದ್ದು ಮಾಡಿ ಮತ್ತೆ ಆಡಿಸಿತು. ಆಗ 1-1. ಬಹ್ರೇನಿನಲ್ಲಿ 0-0. ಎದುರಾಳಿ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಬಹ್ರೇನ್ ಮುಂದೆ ಹೋಯಿತು. ಗೆದ್ದಿದ್ದವರು ಮನೆಗೆ.

ಅಂದರೆ ನೀವು ಮಾಡಿದ್ದೆಲ್ಲ ಸರಿ?

ಇಲ್ಲ. 12ನೇ ನಿಮಿಷದ ಆಫ್‌ಸೈಡ್ ತಪ್ಪು.

ಕೆಂಪು ತಂಡಕ್ಕೆ ಥ್ರೋ-ಇನ್, ಅಂದರೆ ಪಕ್ಕದ ಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಗೆ ಎಸೆಯುವುದು. ಯಾರಿಗೆ ಥ್ರೋ ಎಂದು ಕೈ ತೋರಿಸಿದವನೇ ನಾನು. ಆಮೇಲೆ ನಡುವೆ ಇಬ್ಬರು ಹುಡುಗರು ಮೊಣಕೈಯಲ್ಲಿ ತಳ್ಳಾಡುತ್ತಿದ್ದರು, ಅವರನ್ನು ನೋಡುತ್ತಿದ್ದೆ. ತಲೆ ಎತ್ತುವಾಗ ಚೆಂಡು ಡಿಫೆಂಡರ್‌ಗಳ ಮೇಲಿಂದ ಹಾರಿ ಹೋಗಿತ್ತು. ಕೆಂಪು ಸ್ಟ್ರೈಕರ್ ಒಬ್ಬನೇ, ಎಲ್ಲರಿಗಿಂತ ಮೂರು ಮೀಟರ್ ಮುಂದೆ, ಎದುರಿಗೆ ಕೀಪರ್ ಮಾತ್ರ. ಬಾಯಿಗೆ ವಿಸಿಲ್ ತಾನಾಗಿ ಹೋಯಿತು.

ಥ್ರೋ-ಇನ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಕಾರ್ನರ್‌ಗೂ ಇಲ್ಲ, ಗೋಲ್ ಕಿಕ್‌ಗೂ ಇಲ್ಲ. ರೆಫರಿ ಪರೀಕ್ಷೆಗೆ ಓದುವವರು ಮೊದಲ ವಾರದಲ್ಲೇ ಕಲಿಯುವ ವಿಷಯ.

ಮೈದಾನದ ಸುತ್ತ ಅಷ್ಟು ಜನ ಇದ್ದರು. ಒಬ್ಬರೂ ಚಕಾರ ಎತ್ತಲಿಲ್ಲ. ಕೋಚ್ ಕೂಡ "ಲೈನ್ ನೋಡ್ಕೋ" ಎಂದು ತನ್ನ ಸ್ಟ್ರೈಕರ್‌ನನ್ನೇ ಬೈದರು. ಮೂರು ವಾರ ನಾನು ಕೇಳಿದ ನೂರು ಪ್ರಶ್ನೆಗಳಲ್ಲಿ ಇದು ಒಂದು ಸಲವೂ ಬರಲಿಲ್ಲ. ಕೇಳಿದ್ದು ಒಬ್ಬನೇ, ಆ ಥ್ರೋ ಹಾಕಿದ ಹುಡುಗ. ಪಂದ್ಯ ಮುಗಿದು ಎಲ್ಲರೂ ಪೆನಾಲ್ಟಿಗೆ ಕೂಗಾಡುತ್ತಿದ್ದಾಗ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ: "ಸಾರ್, ಥ್ರೋ-ಇನ್‌ಗೆ ಆಫ್‌ಸೈಡ್ ಇರಲ್ಲ ಅಲ್ವಾ?" ಇಲ್ಲ ಕಣಪ್ಪಾ, ತಪ್ಪು ನನ್ನದು ಅಂದೆ. "ಪರವಾಗಿಲ್ಲ ಸಾರ್" ಅಂದು ಹೋದ.

ಆಗಲೇ ಗೊತ್ತಾಗಿದ್ದರೆ ಸರಿ ಮಾಡಬಹುದಿತ್ತಾ?

ಆಟ ಮತ್ತೆ ಶುರುವಾಗುವ ಮೊದಲು ಗೊತ್ತಾಗಿದ್ದರೆ ಹೌದು. ನೀಲಿ ಕೀಪರ್ ಫ್ರೀ ಕಿಕ್ ಅನ್ನು ಬೇಗನೆ ಹೊಡೆದುಬಿಟ್ಟ. ನನಗೆ ಹೊಳೆದದ್ದು ಅದಾದ ನಾಲ್ಕೈದು ಸೆಕೆಂಡಿಗೆ. ಒಮ್ಮೆ ಆಟ ಶುರುವಾದರೆ ಹಿಂದಿನ ತೀರ್ಮಾನ ಬದಲಿಸುವಂತಿಲ್ಲ. ಬೇಗ ಹೊಳೆದಿದ್ದರೂ ಡ್ರಾಪ್ ಬಾಲ್ ಅಷ್ಟೇ, ಅಂದರೆ ನಾನು ಚೆಂಡನ್ನು ಕೆಳಗೆ ಬಿಟ್ಟು ಆಟ ಶುರು ಮಾಡುವುದು. ಕೀಪರ್ ಎದುರು ಒಬ್ಬನೇ ಇದ್ದ ಆ ಅವಕಾಶ ವಾಪಸ್ ಬರುತ್ತಿರಲಿಲ್ಲ.

ಯಾರೂ ಕೇಳದಿದ್ದ ಮೇಲೆ ಈ ತಪ್ಪನ್ನು ಸಮಿತಿಗೆ ಕೊಟ್ಟ ಪಂದ್ಯದ ರಿಪೋರ್ಟಿನಲ್ಲಿ ಯಾಕೆ ಬರೆದಿರಿ?

ಒಬ್ಬ ಹಳೆಯ ರೆಫರಿ ಗೆಳೆಯರು ಇದನ್ನೇ ಕೇಳಿದರು. "ನಡುವೆ ಯಾರದೋ ತಲೆಗೆ ತಾಗಿತು ಅಂದುಕೊಂಡೆ ಅಂತ ಬರಿ, ಮುಗೀತು" ಅಂದರು. ಅವರ ಲೆಕ್ಕ ಸರಿ. ಹಾಗೆ ಬರೆದರೆ ಅದು ಕಣ್ಣಿನ ತಪ್ಪಾಗುತ್ತದೆ. ಕಣ್ಣಿನ ತಪ್ಪಿಗೆ ದೂರಿಲ್ಲ. ಥ್ರೋ-ಇನ್ ಅಂತ ಗೊತ್ತಿದ್ದೂ ಆಫ್‌ಸೈಡ್ ಕೊಟ್ಟೆ ಎಂದು ಬರೆದರೆ ಅದು ನಿಯಮದ ತಪ್ಪು.

ಒಂದೇ ವಿಸಿಲ್. ಅದು ಯಾವ ಬಗೆಯ ತಪ್ಪು ಅನ್ನೋದು ನಾನು ಬರೆಯುವ ಒಂದು ವಾಕ್ಯದ ಮೇಲೆ ನಿಂತಿತ್ತು, ನನ್ನ ತಲೆಯೊಳಗೆ ಏನಿತ್ತು ಎಂದು ಬೇರೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಆ ಹುಡುಗನಿಗೆ ಬಾಯಲ್ಲಿ ಒಂದು ಹೇಳಿ ಕಾಗದದಲ್ಲಿ ಇನ್ನೊಂದು ಬರೆಯಲು ಕೈ ಬರಲಿಲ್ಲ.

ಸಮಿತಿ ಏನು ತೀರ್ಮಾನ ಮಾಡಿತು?

ಪೆನಾಲ್ಟಿಯ ದೂರು ಬಿದ್ದುಹೋಯಿತು. ಆಫ್‌ಸೈಡ್ ನಿಯಮದ ತಪ್ಪು ಎಂದು ಒಪ್ಪಿದರು, ಆದರೆ ಫಲಿತಾಂಶ ಉಳಿಸಿದರು. ಆಗ 0-0, ಇನ್ನೂ 58 ನಿಮಿಷ ಆಟ ಬಾಕಿ ಇತ್ತು, ಹೊಡೆತಕ್ಕೂ ಮೊದಲೇ ವಿಸಿಲ್ ಬಿದ್ದಿತ್ತು. ಅದು ಗೋಲ್ ಆಗುತ್ತಿತ್ತು ಎಂದು ಯಾರು ಹೇಳಬೇಕು?

ನನ್ನ ಅಭಿಪ್ರಾಯ ಕೇಳಿದರೆ, ಸಮಿತಿಯದು ತಪ್ಪಲ್ಲ. ಆದರೆ ಮತ್ತೆ ಆಡಿಸಿದ್ದರೂ ನನಗೆ ಬೇಜಾರಾಗುತ್ತಿರಲಿಲ್ಲ.

ಎರಡೂ ತಂಡ ಒಪ್ಪಿಕೊಂಡು ಮತ್ತೆ ಆಡಬಹುದಾ?

ಟೂರ್ನಿಯವರು ಒಪ್ಪಿದರೆ. 1999ರಲ್ಲಿ ಎಫ್‌ಎ ಕಪ್‌ನಲ್ಲಿ ಗಾಯಾಳುವಿಗಾಗಿ ಶೆಫೀಲ್ಡ್ ಯುನೈಟೆಡ್ ಹೊರಗೆ ಹೊಡೆದಿದ್ದ ಚೆಂಡನ್ನು ಆರ್ಸೆನಲ್ ವಾಪಸ್ ಕೊಡದೆ ಗೋಲ್ ಮಾಡಿತು. ನಿಯಮದ ಪ್ರಕಾರ ಗೋಲೇ. ಆರ್ಸೆನಲ್ ಕೋಚ್ ಆರ್ಸೆನ್ ವೆಂಗರ್ ತಾವಾಗಿಯೇ ಮತ್ತೆ ಆಡೋಣ ಎಂದರು. ಆಡಿದರು. ಮೊದಲು 2-1, ಆಮೇಲೂ 2-1, ಎರಡು ಸಲವೂ ಆರ್ಸೆನಲ್.

ನಮ್ಮಲ್ಲಿ ನೀಲಿ ತಂಡವನ್ನು ಯಾರೂ ಕೇಳಲಿಲ್ಲ. ಕೇಳುವುದು ನ್ಯಾಯವೂ ಅಲ್ಲ, ಆ ಮಕ್ಕಳು ಯಾವ ತಪ್ಪೂ ಮಾಡಿಲ್ಲ.

ಕೂಗಾಡಿದ ಪೋಷಕರಿಗೆ ಕಾರ್ಡ್ ತೋರಿಸಬಹುದಾ?

ತೋರಿಸಲು ಬರುವುದಿಲ್ಲ, ಆಸೆ ಎಷ್ಟೇ ಇದ್ದರೂ. ಕಾರ್ಡ್ 1970ರ ವಿಶ್ವಕಪ್‌ನಲ್ಲಿ ಬಂದದ್ದು ಆಟಗಾರರಿಗೆ. 2019ರಿಂದ ಕೋಚ್‌ಗಳಿಗೂ ತೋರಿಸುತ್ತೇವೆ. ಬೆಂಚಿನಿಂದ ಯಾರೋ ಬೈದು, ಯಾರು ಅಂತ ಗೊತ್ತಾಗದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೆ ಕಾರ್ಡ್. ಪೋಷಕರ ವಿಷಯದಲ್ಲಿ ನಾನು ಮಾಡಬಹುದಾದದ್ದು ಆಟ ನಿಲ್ಲಿಸುವುದು, ಕೋಚ್‌ಗೆ ಹೇಳುವುದು. ಅದಕ್ಕೂ ಬಗ್ಗದಿದ್ದರೆ ಪಂದ್ಯವನ್ನೇ ಕೈಬಿಡುವುದು.

ಮಕ್ಕಳು ರೆಫರಿಯನ್ನು ಪ್ರಶ್ನೆ ಮಾಡಬಾರದಾ?

ಮಾಡಬಹುದು. ನಾಯಕ ಬಂದು ಮರ್ಯಾದೆಯಿಂದ ಕೇಳಿದರೆ ನಾನು ಯಾವಾಗಲೂ ಹೇಳುತ್ತೇನೆ. ಎಂಟು ಜನ ಒಟ್ಟಿಗೆ ಸುತ್ತುವರಿದರೆ ಹೇಳುವುದಿಲ್ಲ. ಬಾಯಿ ಮಾಡಿದವನನ್ನು ಕೆಲವು ನಿಮಿಷ ಹೊರಗೆ ಕೂರಿಸಿ ಮತ್ತೆ ಒಳಗೆ ಬಿಡುವ ವ್ಯವಸ್ಥೆಗೂ ಮಕ್ಕಳ ಫುಟ್‌ಬಾಲ್‌ನಲ್ಲಿ ಅವಕಾಶ ಇದೆ, ಆಯಾ ದೇಶದ ಸಂಸ್ಥೆ ಒಪ್ಪಿದ್ದರೆ. ನನಗೆ ಅದು ಹಳದಿ ಕಾರ್ಡಿಗಿಂತ ಇಷ್ಟ. ಹೊರಗೆ ಕೂತ ಹುಡುಗ ಬೇಗ ತಣ್ಣಗಾಗುತ್ತಾನೆ. ಅವನ ಅಪ್ಪ ಸ್ವಲ್ಪ ತಡವಾಗಿ.

ಈ ತಂಡಗಳ ಮುಂದಿನ ಪಂದ್ಯಕ್ಕೂ ನೀವೇನಾ ರೆಫರಿ?

ಇಲ್ಲ, ಬೇರೆಯವರನ್ನು ಹಾಕಿದ್ದಾರೆ. ನಾನು ಲೈನ್‌ನಲ್ಲಿ ಬಾವುಟ ಹಿಡಿಯುತ್ತೇನೆ. ಥ್ರೋ-ಇನ್ ಎಲ್ಲ ನನ್ನ ಕಾಲ ಬುಡದಲ್ಲೇ.